ಫೋನಿನಲ್ಲಿ ಅಂಗಡಿ: ನಾವು ಕಲಿತ ಪಾಠ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಆಡಿದ ಮಾತುಗಳು)

ಸಣ್ಣ ವ್ಯಾಪಾರಕ್ಕೆ ವಾಟ್ಸಾಪ್, ಫೇಸ್‌ಬುಕ್ ಬಳಸುವುದು ಹೇಗೆ ಎಂದು ಹೇಳಲು ನಮ್ಮನ್ನು ಕರೆದಿದ್ದಾರೆ. ನಾವು ಕಂಪ್ಯೂಟರ್ ಕಲಿತವರಲ್ಲ. ಹಲಸಿನ ಹಪ್ಪಳ ಮಾಡುವ ಹನ್ನೆರಡು ಮಂದಿ ಹೆಂಗಸರು. ಆದ್ದರಿಂದ ದೊಡ್ಡ ದೊಡ್ಡ ಮಾತು ಬೇಡ, ನಮಗೆ ಆದದ್ದನ್ನೇ ಹೇಳುತ್ತೇವೆ.

ನಮ್ಮ ಕರಾವಳಿಯಲ್ಲಿ ಹಪ್ಪಳ ಅಂದರೆ ಮಾರ್ಚ್‌ನಿಂದ ಮೇ ತನಕದ ಕೆಲಸ ಅಂತ ನಿಮಗೆಲ್ಲ ಗೊತ್ತುಂಟು. ಬಲಿತ ಹಲಸಿನಕಾಯಿ ಸಿಗಬೇಕು, ಬಿಸಿಲೂ ಬೇಕು. ಮಳೆ ಹಿಡಿದರೆ ಮುಗಿಯಿತು. ಹಿಂದೆ ನಾವು ಸಂತೆಯಲ್ಲಿ, ಜಾತ್ರೆಯಲ್ಲಿ, ಹಬ್ಬದ ಸ್ಟಾಲಿನಲ್ಲಿ ಮಾರುತ್ತಿದ್ದೆವು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಸಂತೆ ಇಲ್ಲ, ಬಸ್ಸಿಲ್ಲ. ಮನೆಮನೆಯಲ್ಲಿ ಒಣಗಿಸಿದ ಹಪ್ಪಳ ಡಬ್ಬಿಯಲ್ಲೇ ಕೂತಿತು. ಸಂಘದ ಸಾಲದ ಕಂತು ಮಾತ್ರ ಕಟ್ಟಲಿಕ್ಕೆ ಉಂಟಲ್ಲ! ಆಗ ನಮ್ಮಲ್ಲೊಬ್ಬರ ಮಗಳು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಪ್ಪಳದ ಫೋಟೋ ಹಾಕಿದಳು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಬಸ್ಸು, ಕೊರಿಯರ್ ಮತ್ತೆ ಶುರುವಾದಾಗ ನಲ್ವತ್ತು ಕಟ್ಟು ಹಪ್ಪಳಕ್ಕೆ ಆರ್ಡರ್ ಬಂದಿತ್ತು. ನಮ್ಮ ಖುಷಿ ಕೇಳುವುದೇ ಬೇಡ.

ಆದರೆ ಒಂದು ತಪ್ಪಾಗಿತ್ತು. ಆ ಫೋಟೋ ನಮ್ಮ ಹಪ್ಪಳದ್ದಲ್ಲ. ಚೆಂದ ಕಾಣಲಿ ಎಂದು ಹುಡುಗಿ ಇಂಟರ್ನೆಟ್‌ನಿಂದ ತೆಗೆದು ಹಾಕಿದ್ದಳು. ಅದು ತೆಳ್ಳಗೆ, ಬೆಳ್ಳಗೆ, ಎಲ್ಲ ಒಂದೇ ಅಳತೆ. ನಮ್ಮದು ಕೈಯಲ್ಲಿ ಒತ್ತಿದ್ದು, ಬಣ್ಣ ಸ್ವಲ್ಪ ಕಂದು, ಒಂದು ದೊಡ್ಡದಾದರೆ ಇನ್ನೊಂದು ಸಣ್ಣದು. ನಮಗೂ ಗೊತ್ತಿತ್ತು, ಸುಮ್ಮನಿದ್ದೆವು. ಮೈಸೂರಿನಿಂದ ಒಬ್ಬರು ಹಿರಿಯರು ಫೋನ್ ಮಾಡಿದರು: "ನೋಡಮ್ಮಾ, ರುಚಿ ಚೆನ್ನಾಗಿದೆ. ಆದರೆ ನೀವು ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು. ಇಷ್ಟು ರುಚಿ ಇರುವಾಗ ಸುಳ್ಳು ಯಾಕೆ ಬೇಕಿತ್ತು?"

ಆ ವಾರದ ಸಭೆಯಲ್ಲಿ ಜಗಳವೇ ಆಯಿತು. "ರುಚಿ ಒಳ್ಳೇದುಂಟಲ್ಲ, ದುಡ್ಡು ಎಂತಕ್ಕೆ ವಾಪಸ್ ಕೊಡೂದು?" ಅಂತ ಕೆಲವರು. ಕೊನೆಗೆ ನಮ್ಮಲ್ಲಿ ಹಿರಿಯಕ್ಕ ಹೇಳಿದರು: "ಸಂತೆಯಲ್ಲಾದ್ರೆ ಗಿರಾಕಿ ಮುಟ್ಟಿ ನೋಡ್ತಾರೆ, ಮೂಸಿ ನೋಡ್ತಾರೆ. ಫೋನಿನಲ್ಲಿ ಅವರಿಗೆ ಇರೂದು ನಮ್ಮ ಫೋಟೋ, ನಮ್ಮ ಮಾತು ಎರಡೇ. ಅದೂ ಸುಳ್ಳಾದ್ರೆ ಮತ್ತೆ ಎಂತ ಉಂಟು?" ಎಲ್ಲರೂ ಒಪ್ಪಿದೆವು. ಹಣ ವಾಪಸ್ ಕಳಿಸಿ ಕ್ಷಮೆ ಕೇಳಿದೆವು. ಅವರು ಮತ್ತೆ ಆರ್ಡರ್ ಕೊಟ್ಟಿಲ್ಲ. ಆ ಬೇಸರ ಈಗಲೂ ಉಂಟು. ಆದರೆ ಅವರ ಮಾತು ನಮಗೆ ದೊಡ್ಡ ಪಾಠವಾಯಿತು. ಅದರ ನಂತರ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ.

1. ಫೋಟೋ ನಮ್ಮದೇ ಇರಲಿ. ಬೆಳಗಿನ ಬೆಳಕಿನಲ್ಲಿ, ಅಂಗಳದಲ್ಲಿ, ಶುಭ್ರ ಬಟ್ಟೆಯ ಮೇಲೆ ಇಟ್ಟು ತೆಗೆಯಿರಿ. ಮೊದಲು ಫೋನಿನ ಕ್ಯಾಮೆರಾ ಗಾಜನ್ನು ಸೆರಗಿನಿಂದ ಒರೆಸಿಕೊಳ್ಳಿ. ಅಳತೆ ತಿಳಿಯಲು ಪಕ್ಕದಲ್ಲಿ ಊಟದ ಬಟ್ಟಲು ಇಡಿ. ಚಾಪೆಯಲ್ಲಿ ಹಪ್ಪಳ ಒಣಗುವ, ಕೈಯಲ್ಲಿ ಒತ್ತುವ ಸಣ್ಣ ವಿಡಿಯೋ ಹಾಕಿ. ಜನ ಅದನ್ನೇ ಹೆಚ್ಚು ಕೇಳುತ್ತಾರೆ.

2. ವಿವರ ಪೂರ್ತಿ ಬರೆಯಿರಿ. "ರೇಟ್ ಫೋನ್ ಮಾಡಿ ಕೇಳಿ" ಅಂತ ಬರೆದರೆ ಹೆಚ್ಚಿನವರು ಕೇಳುವುದೇ ಇಲ್ಲ. ಕಟ್ಟಿನಲ್ಲಿ ಎಷ್ಟು ಹಪ್ಪಳ, ಬೆಲೆ ಎಷ್ಟು, ಕೊರಿಯರ್ ಖರ್ಚು ಯಾರದ್ದು, ಎಷ್ಟು ದಿನದಲ್ಲಿ ಕಳಿಸುತ್ತೀರಿ ಎಲ್ಲ ಇರಲಿ. ಬೆಲೆ ಕಟ್ಟುವಾಗ ನಮ್ಮ ಕೂಲಿಯನ್ನು ಮರೆಯಬಾರದು. ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕೆಯ ಸಂಖ್ಯೆಯನ್ನೂ ತಯಾರಿಸಿದ ದಿನಾಂಕವನ್ನೂ ಪ್ಯಾಕೆಟ್ ಮೇಲೆ ಹಾಕಬೇಕು.

3. ನಂಬರ್ ಸಂಘದ್ದಾಗಿರಲಿ. ಎರಡು ವರ್ಷ ನಮ್ಮ ವ್ಯಾಪಾರ ಆ ಹುಡುಗಿಯ ನಂಬರಿನಲ್ಲೇ ನಡೆಯಿತು. ಅವಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಾಗ ಗಿರಾಕಿಗಳೂ ಅವಳೊಟ್ಟಿಗೇ ಹೋದ ಹಾಗಾಯಿತು! ಈಗ ವ್ಯಾಪಾರಕ್ಕೆಂದೇ ಬೇರೆ ಸಿಮ್ ಉಂಟು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪನ್ನು ಅದರಲ್ಲಿ ಹಾಕಿದ್ದೇವೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಕ್ಯಾಟಲಾಗ್ ಮಾಡಿ ಫೋಟೋ, ಬೆಲೆ ಜೋಡಿಸಿಡಬಹುದು. ಇಬ್ಬರು ಸದಸ್ಯರಾದರೂ ಅದನ್ನು ನಡೆಸಲು ಕಲಿತಿರಬೇಕು.

4. ಅತಿಯಾಗಿ ಕಳಿಸಬೇಡಿ. ದಿನಕ್ಕೆ ಮೂರು ಸಲ ಊರಿನ ಎಲ್ಲ ಗ್ರೂಪಿಗೂ ಹಾಕಿದರೆ ಜನ ನಮ್ಮನ್ನು ಬ್ಲಾಕ್ ಮಾಡುತ್ತಾರೆ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆ ಇರುತ್ತದೆ, ಬೇಕಾದವರು ನೋಡುತ್ತಾರೆ. ಬ್ರಾಡ್‌ಕಾಸ್ಟ್ ಮೆಸೇಜು ಯಾರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿದೆಯೋ ಅವರಿಗೆ ಮಾತ್ರ ಮುಟ್ಟುತ್ತದೆ. ಹಾಗಾಗಿ ಪ್ರತಿ ಕಟ್ಟಿನೊಂದಿಗೆ "ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ" ಎಂಬ ಚೀಟಿ ಇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆಮೇಲೆ ನೋಡೋಣ. ಮೊದಲು ಒಂದನ್ನು ಸರಿಯಾಗಿ ನಡೆಸುವುದು ಒಳ್ಳೆಯದು.

5. ಆಗದ್ದನ್ನು ಒಪ್ಪಬೇಡಿ. ಆರ್ಡರ್ ಬಂತೆಂದು ಮಳೆಗಾಲದಲ್ಲಿ ಅರೆ ಒಣಗಿದ ಹಪ್ಪಳ ಕಳಿಸಿದರೆ ಬೂಸ್ಟು ಹಿಡಿಯುತ್ತದೆ, ಹೆಸರೂ ಹೋಗುತ್ತದೆ. "ಈ ವರ್ಷದ್ದು ಮುಗಿಯಿತು, ಮುಂದಿನ ಏಪ್ರಿಲ್‌ನಲ್ಲಿ ನಾವೇ ತಿಳಿಸುತ್ತೇವೆ" ಎಂದು ಹೇಳಿ, ಹೆಸರನ್ನು ಪುಸ್ತಕದಲ್ಲಿ ಬರೆದಿಡಿ. ಫೋನ್ ಎಷ್ಟೇ ಇದ್ದರೂ ಆರ್ಡರ್ ಪುಸ್ತಕ ಬೇಕೇ ಬೇಕು: ಯಾರು, ಎಷ್ಟು, ಹಣ ಬಂತೋ, ಕಳಿಸಿದ್ದು ಯಾವಾಗ.

6. ಹಣದಲ್ಲಿ ಎಚ್ಚರ. ಒಂದು ದಿನ ಒಬ್ಬ ಫೋನ್ ಮಾಡಿ, ತಾನು ಸೈನ್ಯದಲ್ಲಿರುವವನು, ನೂರು ಕಟ್ಟು ಬೇಕು, ಅಡ್ವಾನ್ಸ್ ಹಾಕುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸಿದ. "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ" ಎಂದ. ನಮ್ಮ ಖಜಾಂಚಿಯವರು ಒತ್ತುವವರಿದ್ದರು. ಪಕ್ಕದಲ್ಲಿದ್ದವರು ಕೈ ಹಿಡಿದರು. ಸಹೋದರಿಯರೇ, ಇದೊಂದು ನೆನಪಿಡಿ: ಪಿನ್ ಒತ್ತುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕೆ ಪಿನ್ ಬೇಡ. ಹಣ ಕಳಿಸಿದ ಸ್ಕ್ರೀನ್‌ಶಾಟ್ ಬಂದರೆ ಸಾಲದು, ಖಾತೆಗೆ ಜಮೆ ಆಗಿದೆಯೇ ನೋಡಿದ ಮೇಲೆಯೇ ಕಟ್ಟು ಕಳಿಸಿ. ಓಟಿಪಿ ಯಾರಿಗೂ ಹೇಳಬೇಡಿ. ಮೋಸ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಸಿಗುವುದು ಕಷ್ಟ.

ಇಷ್ಟೆಲ್ಲ ಮಾಡಿಯೂ ನಾವೇನು ಶ್ರೀಮಂತರಾಗಿಲ್ಲ. ಆದರೆ ಮಾಡಿದ ಹಪ್ಪಳ ಉಳಿಯುವುದಿಲ್ಲ, ಸಾಲದ ಕಂತು ತಪ್ಪುವುದಿಲ್ಲ. ಸಂತೆಗೂ ಹೋಗುತ್ತೇವೆ, ಅದನ್ನು ಬಿಟ್ಟಿಲ್ಲ. ಈಗ ನಮ್ಮ ಫೋಟೋದ ಕೆಳಗೆ ಹೀಗೆ ಬರೆಯುತ್ತೇವೆ: "ಕೈಯಲ್ಲಿ ಒತ್ತಿದ್ದು, ಒಂದೇ ಅಳತೆ ಇರುವುದಿಲ್ಲ." ಅದನ್ನು ಓದಿಯೇ ಜನ ತರಿಸಿಕೊಳ್ಳುತ್ತಾರೆ.

ನಿಮ್ಮಲ್ಲಿ ಮಲ್ಲಿಗೆ ಕಟ್ಟುವವರಿದ್ದೀರಿ, ಬಟ್ಟೆ ಹೊಲಿಯುವವರಿದ್ದೀರಿ, ಉಪ್ಪಿನಕಾಯಿ ಹಾಕುವವರಿದ್ದೀರಿ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಕೂತು, ನಿಮ್ಮದೇ ಸಾಮಾನಿನ ಒಂದು ಫೋಟೋ ತೆಗೆದು, ಅದರ ಕೆಳಗೆ ನಿಜವಾದ ನಾಲ್ಕು ಸಾಲು ಬರೆಯಿರಿ. ಅಲ್ಲಿಂದ ಶುರುವಾಗಲಿ.