ಲೋಕ್ತಾಕ್ ಸರೋವರವೂ ನಮ್ಮೂರ ಕೆರೆಯೂ
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ದೊಡ್ಡ ಭಾಷಣ ಬರುವುದಿಲ್ಲ. ನೋಡಿ ಬಂದ ಒಂದು ಜಾಗದ ವಿಷಯ ಹೇಳುತ್ತೇನೆ.

2019ರ ಡಿಸೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರ ಮದುವೆಗೆ ಮಣಿಪುರಕ್ಕೆ ಹೋಗಿದ್ದೆ. ಇಂಫಾಲದಿಂದ ಸುಮಾರು 45 ಕಿ.ಮೀ. ದೂರದ ಮೊಯಿರಾಂಗ್ ಪಟ್ಟಣದ ಪಕ್ಕದಲ್ಲೇ ಲೋಕ್ತಾಕ್ ಇದೆ. ಈಶಾನ್ಯ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರ ಅದು. ಸಮಾಜ ಪಾಠದಲ್ಲಿ ನಾವು ಓದಿದ ನೇತಾಜಿಯವರ ಆಜಾದ್ ಹಿಂದ್ ಫೌಜ್ 1944ರ ಏಪ್ರಿಲ್ 14ರಂದು ತ್ರಿವರ್ಣ ಧ್ವಜ ಹಾರಿಸಿದ್ದು ಇದೇ ಮೊಯಿರಾಂಗ್‌ನಲ್ಲಿ. ಬಡ ಅನಾಥ ಹುಡುಗ ಖಂಬಾ ಮತ್ತು ರಾಜಕುಮಾರಿ ಥೊಯಿಬಿಯ ಪ್ರೇಮಕಥೆಯೂ ಈ ಊರಿನದೇ. ಅದನ್ನು ಅಲ್ಲಿನವರು ಪೆನಾ ಎಂಬ ತಂತಿವಾದ್ಯ ನುಡಿಸುತ್ತಾ ಇಂದಿಗೂ ಹಾಡುತ್ತಾರೆ.

ಸರೋವರದ ಮೇಲೆ ಹುಲ್ಲು, ಬೇರು, ಮಣ್ಣು ಹೆಣೆದುಕೊಂಡ ದಪ್ಪ ಚಾಪೆಗಳು ತೇಲುತ್ತವೆ. ಅವಕ್ಕೆ ಫುಮ್ಡಿ ಎನ್ನುತ್ತಾರೆ. ಅಂಥ ಫುಮ್ಡಿಗಳ ಮೇಲೆಯೇ 40 ಚದರ ಕಿ.ಮೀ.ಗಳ ಕೈಬುಲ್ ಲಾಮ್‌ಜಾವೊ ರಾಷ್ಟ್ರೀಯ ಉದ್ಯಾನವಿದೆ. ಸಂಗಾಯ್ ಎಂಬ ಜಿಂಕೆ ಕಾಡಿನಲ್ಲಿ ಉಳಿದಿರುವುದು ಇಲ್ಲಿ ಮಾತ್ರ. 1975ರ ಎಣಿಕೆಯಲ್ಲಿ ಸಿಕ್ಕಿದ್ದು ಬರೀ 14. ಕಾಪಾಡಿದ್ದರಿಂದ 2016ರ ಹೊತ್ತಿಗೆ 260 ಆದವು. ಬೆಳಗಿನ ಮಂಜಿನಲ್ಲಿ ದೂರದಿಂದ ಮೂರು ಜಿಂಕೆ ಕಂಡಾಗ ನಾನು ಫೋಟೊ ತೆಗೆಯುವುದನ್ನೂ ಮರೆತೆ.

ದೋಣಿ ನಡೆಸುತ್ತಿದ್ದ ಹಿರಿಯರು ಹಿಂದಿಯಲ್ಲಿ ಒಂದು ಮಾತು ಹೇಳಿದರು: “ಮೊದಲು ಬೇಸಗೆಯಲ್ಲಿ ನೀರಿಳಿದಾಗ ಫುಮ್ಡಿ ನೆಲಕ್ಕೆ ಕೂತು ಊಟ ಮಾಡಿ ಏಳುತ್ತಿತ್ತು. ಈಗ ಕೂರುವುದಕ್ಕೆ ಬಿಡುವುದಿಲ್ಲ.” 1983ರಲ್ಲಿ ಇಥಾಯ್ ಎಂಬಲ್ಲಿ ಬ್ಯಾರೇಜ್ ಬಂತು. ವಿದ್ಯುತ್ತಿಗಾಗಿ ವರ್ಷವಿಡೀ ನೀರು ನಿಲ್ಲಿಸಿದರು. ಬೇರುಗಳಿಗೆ ತಳದ ಮಣ್ಣಿನ ಸತ್ವ ಸಿಗದೆ ಫುಮ್ಡಿ ತೆಳುವಾಗುತ್ತಾ ಬಂತು. ತೆಳುವಾದರೆ ಜಿಂಕೆಯ ಭಾರ ತಡೆಯುವುದಿಲ್ಲ. ನಾವು ಬಳಸುವ ಕರೆಂಟಿಗೂ ಇಂಥ ಬೆಲೆಯಿದೆ ಎಂದು ಅಂದು ತಿಳಿಯಿತು.

ಇಷ್ಟೆಲ್ಲ ನೋಡಿ ಬಂದ ನಾನು ಊರಿನ ವಿಷಯದಲ್ಲಿ ಮಾಡಿದ್ದೇನು? ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹಿಂದಿನ ಕೆರೆಗೆ ಸುತ್ತ ಕಲ್ಲು ಕಟ್ಟಿಸಿ, ತೂಬು ಮುಚ್ಚಿಸಿ, ವರ್ಷಪೂರ್ತಿ ನೀರು ನಿಲ್ಲಿಸಿ ದೋಣಿ ಬಿಡೋಣ ಎಂದು ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರೆದವನು ನಾನೇ. ಚೆಂದದ ನಕ್ಷೆಯನ್ನೂ ಕಳಿಸಿದ್ದೆ. ಹಲವರು ಹಣ ಕೊಡಲು ಒಪ್ಪಿದರು.

ಹೋದ ತಿಂಗಳು ನಮ್ಮ ನೀರುಗಂಟಿ ತಾತನಿಗೆ ಆ ನಕ್ಷೆ ತೋರಿಸಿದೆ. ತಾತ ಕೇಳಿದ್ದು ಎರಡೇ ಪ್ರಶ್ನೆ: “ಕೆರೆ ಒಣಗದೇ ಇದ್ರೆ ಗೋಡು ಹೊಡಿಯೋದು ಯಾವಾಗ ಮಗಾ? ಬೇಸಗೇಲಿ ದನ ಮೇಯೋದೆಲ್ಲಿ?” ನನ್ನ ಬಳಿ ಉತ್ತರವಿರಲಿಲ್ಲ. ದೋಣಿಯ ಹಿರಿಯರ ಮಾತು ಆಗ ನೆನಪಾಯಿತು.

ಆದ್ದರಿಂದ ಆ ಯೋಜನೆಯನ್ನು ಈ ಸಭೆಯಲ್ಲೇ ಹಿಂದಕ್ಕೆ ಪಡೆಯುತ್ತಿದ್ದೇನೆ. ಹಣ ಕೊಡಲು ಒಪ್ಪಿದವರಲ್ಲಿ ಕ್ಷಮೆ ಕೋರುತ್ತೇನೆ. ಅದೇ ಹಣದಲ್ಲಿ ಬರುವ ಬೇಸಗೆಗೆ ಹೂಳು ತೆಗೆಸಿ, ಗೋಡನ್ನು ಹೊಲಗಳಿಗೆ ಹೊಡೆಸೋಣ. ತೂಬು ರಿಪೇರಿಯಾಗಲಿ. ಏನೇ ಮಾಡಿದರೂ ಮೊದಲು ನೀರುಗಂಟಿ ತಾತನನ್ನೂ ಅಚ್ಚುಕಟ್ಟಿನ ರೈತರನ್ನೂ ಕೇಳೋಣ. ಗೊತ್ತಿಲ್ಲದ್ದನ್ನು ಕೈಯೆತ್ತಿ ಕೇಳಬೇಕೆಂದು ಇದೇ ಶಾಲೆಯ ಗುರುಗಳು ನಮಗೆ ಕಲಿಸಿದ್ದರು. ನಾನು ಕೇಳಿದ್ದು ತಡವಾಯಿತು, ಆದರೆ ಕೆಲಸ ಶುರುವಾಗುವ ಮೊದಲೇ ಕೇಳಿದೆ ಎಂಬುದೊಂದೇ ಸಮಾಧಾನ.