ಹಿಂದಿನ ಚಕ್ರ ಮುಂದಕ್ಕೆ ಬರಬೇಕಾದರೆ



ನಮ್ಮ ಮನೆಯ ಕಾರು ಪಂಕ್ಚರ್ ಆದರೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ಮುಂದಕ್ಕೂ ಆಗುತ್ತದೆ, ಹಿಂದಕ್ಕೂ ಆಗುತ್ತದೆ. ರಿಮೋಟಿನಿಂದ ಓಡಿಸುವ ಹವ್ಯಾಸದ ಕಾರುಗಳಲ್ಲಿ ಈ ಸೌಕರ್ಯ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಅಮೆರಿಕದ ಟ್ರ್ಯಾಕ್ಸಸ್ ಕಂಪನಿ 2008ರಲ್ಲಿ ತಂದ ‘ಸ್ಲ್ಯಾಶ್’ ಎಂಬ ಪುಟ್ಟ ಟ್ರಕ್ಕನ್ನೇ ನೋಡಿ. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಮೋಟಾರಿನ ಬಲ ಹೋಗುವ ಮಾದರಿಯಲ್ಲಿ ಹಿಂದಿನ ಚಕ್ರ ಮುಂದೆ ಕೂರುವುದಿಲ್ಲ. ಅದೇ ಗಾಡಿಯ ನಾಲ್ಕೂ ಚಕ್ರ ಎಳೆಯುವ ಮಾದರಿಯಲ್ಲಿ ಎಲ್ಲವೂ ಒಂದೇ.

ಕಾರಣ ಹೊರಗಿನ ಟೈರಿನಲ್ಲಿಲ್ಲ, ನಡುವಿನ ಹಬ್‌ನಲ್ಲಿದೆ. ಬಲ ಪಡೆಯುವ ಚಕ್ರ ಆಕ್ಸಲ್ಲನ್ನು ಕಚ್ಚಿ ಹಿಡಿಯಬೇಕು. ಅದಕ್ಕಾಗಿ ಆಕ್ಸಲ್ಲಿಗೆ ಅಡ್ಡಲಾಗಿ ಒಂದು ಸಣ್ಣ ಪಿನ್ನು, ಆ ಪಿನ್ನಿನ ಮೇಲೆ ಕೂರುವ ಆರು ಮೂಲೆಯ ಬಿಲ್ಲೆ. ಇದನ್ನು ಹೆಕ್ಸ್ ಎನ್ನುತ್ತಾರೆ. ಚಕ್ರದ ಬೆನ್ನಿನಲ್ಲಿ ಅದೇ ಆಕಾರದ ಗುಂಡಿ. ಹೊರಗಿನಿಂದ ನೈಲಾನ್ ಒಳಬಳೆಯ ನಟ್ ಬಿಗಿದರೆ ಮುಗಿಯಿತು. ಹತ್ತನೇ ಒಂದು ಅಳತೆಯ ಕಾರುಗಳಲ್ಲಿ ಈ ಹೆಕ್ಸ್ ಹೆಚ್ಚಾಗಿ 12 ಮಿಲಿಮೀಟರ್, ಎಂಟನೇ ಒಂದರ ದೊಡ್ಡ ಬಗ್ಗಿಗಳಲ್ಲಿ 17. ಜಪಾನಿನ ಚಕ್ರ ಅಮೆರಿಕದ ಕಾರಿಗೆ ಕೂರುವುದು ಈ ರೂಢಿಯಿಂದಲೇ.

ಮುಂದಿನ ಚಕ್ರಕ್ಕೆ ಬಲ ಇಲ್ಲದಿದ್ದರೆ ಹೆಕ್ಸ್ ಯಾಕೆ ಬೇಕು? ಅಲುಗದ ಒಂದು ಕಡ್ಡಿಯ ಮೇಲೆ ತಿರುಗಿಕೊಂಡಿದ್ದರೆ ಸಾಕು. ಹಾಗಾಗಿ ಬೇರಿಂಗನ್ನು ಚಕ್ರದೊಳಗೇ ಕೂರಿಸಿಬಿಡುತ್ತಾರೆ. ಬೇರಿಂಗಿನ ಹೊರವ್ಯಾಸ 11 ಮಿಲಿಮೀಟರ್, ಒಳವ್ಯಾಸ 5. ಹಗುರ, ಅಗ್ಗ, ಬಿಡಿಭಾಗ ಕಡಿಮೆ. 1980ರ ದಶಕದಲ್ಲಿ ಜಪಾನಿನ ತಮಿಯಾ ಮಾಡಿದ ‘ಗ್ರಾಸ್‌ಹಾಪರ್’, ‘ಹಾರ್ನೆಟ್’ ಬಗ್ಗಿಗಳ ಮುಂಭಾಗವೂ ಇದೇ ರೀತಿಯದು. ಬೆಲೆ ಇಳಿಸಲು ಒಳ್ಳೆಯ ಉಪಾಯ, ಒಪ್ಪಿಕೊಳ್ಳೋಣ. ಆದರೆ ಟೈರುಗಳನ್ನು ಬದಲಿಸಬೇಕೆಂದಾಗ ಎರಡು ಬಗೆಯ ಚಕ್ರ ಕೊಳ್ಳಬೇಕಾದವನಿಗೆ ಅದರ ಬಿಸಿ ತಟ್ಟುತ್ತದೆ.

ಹಿಂದಿನ ಚಕ್ರವನ್ನು ಮುಂದೆ ಕೂರಿಸಲು ಕೆಲವರು ಚಕ್ರಕ್ಕೇ ಡ್ರಿಲ್ ಹಿಡಿಯುತ್ತಾರೆ. ಬೇಡ. ಕೈಯಲ್ಲಿ ಕೊರೆದ ತೂತು ನಡುವಿಗೆ ಬೀಳುವುದು ಅಪರೂಪ, ಚಕ್ರ ಓಲಾಡುತ್ತದೆ. ಬದಲಾಯಿಸಬೇಕಾದದ್ದು ಚಕ್ರವನ್ನಲ್ಲ, ಅದು ಕೂರುವ ಕಾರಿನ ಭಾಗವನ್ನು. ಬೇರಿಂಗು ಚಕ್ರದಿಂದ ಹೊರಬಂದು, ಮುಂದಿನ ಚಕ್ರವನ್ನು ಹೊತ್ತು ತಿರುಗುವ ಸ್ಟಿಯರಿಂಗ್ ನಕಲ್ ಎಂಬ ಭಾಗದೊಳಗೆ ಕೂರಬೇಕು, ಅದರಲ್ಲಿ ತಿರುಗುವ ತುಂಡು ಆಕ್ಸಲ್ ಹಾಯಬೇಕು, ಅದರ ತುದಿಗೆ ಪಿನ್ನು ಮತ್ತು ಹೆಕ್ಸ್. ಇಷ್ಟನ್ನೂ ಸೇರಿಸಿದ ಕಿಟ್‌ಗಳು ಸಿಗುತ್ತವೆ. ಅಲ್ಯೂಮಿನಿಯಂ ಹೆಕ್ಸ್ ಕೊಳ್ಳುವವರು ಸಣ್ಣ ಸ್ಕ್ರೂ ಬಿಗಿದು ಆಕ್ಸಲ್ಲಿಗೇ ಅಂಟಿಕೊಳ್ಳುವಂಥದ್ದನ್ನು ಆರಿಸಿ. ಇಲ್ಲದಿದ್ದರೆ ಚಕ್ರ ಬಿಚ್ಚಿದಾಗಲೆಲ್ಲ ಪಿನ್ನು ಹುಲ್ಲಿನಲ್ಲಿ ಬಿದ್ದು ಹುಡುಕಾಟ ಶುರು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಂಥ ಕಡೆ ಪರಿಚಯದ ಲೇತ್ ಅಂಗಡಿ ಇದ್ದವರು ಅಲ್ಲೇ ಮಾಡಿಸಬಹುದು, ಆದರೆ ಆರೂ ಮುಖ ಸಮವಾಗಿ ಬರಲು ಮಿಲ್ಲಿಂಗ್ ಬೇಕಾಗುತ್ತದೆ.

ಹೆಕ್ಸ್ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೆಚ್ಚಿನವರು ಎಡವುವುದು ಆಫ್‌ಸೆಟ್‌ನಲ್ಲಿ, ಅಂದರೆ ಚಕ್ರದ ನಡುಗೆರೆಯಿಂದ ಹಬ್ ಕೂರುವ ಜಾಗಕ್ಕಿರುವ ದೂರದಲ್ಲಿ. ಎರಡೂ ಕಡೆ 3 ಮಿಲಿಮೀಟರ್ ಹೆಚ್ಚು ದಪ್ಪದ ಹೆಕ್ಸ್ ಹಾಕಿದರೆ ಕಾರಿನ ಅಗಲ 6 ಮಿಲಿಮೀಟರ್ ಹೆಚ್ಚುತ್ತದೆ. ಗಾಡಿ ಮಗುಚುವುದು ಕಡಿಮೆಯಾಗುತ್ತದೆ, ಅದು ಲಾಭ. ಆದರೆ ಟೈರು ನೆಲ ಮುಟ್ಟುವ ಜಾಗ ಚಕ್ರ ತಿರುಗುವ ಕೀಲಿನಿಂದ ದೂರ ಸರಿಯುತ್ತದೆ. ಕಲ್ಲಿಗೆ ಬಡಿದಾಗ ಆ ಏಟು ಉದ್ದದ ಸನ್ನೆಯಾಗಿ ಸ್ಟಿಯರಿಂಗ್ ತಿರುಗಿಸುವ ಸರ್ವೋ ಮೋಟಾರನ್ನೂ ಪ್ಲಾಸ್ಟಿಕ್ ನಕಲನ್ನೂ ಮುರಿಯಲು ನೋಡುತ್ತದೆ. 12ರ ಹೆಕ್ಸನ್ನು 17ಕ್ಕೆ ಏರಿಸುವ ಅಡಾಪ್ಟರುಗಳಲ್ಲೂ ಇದೇ ತೊಂದರೆ.

ರೇಸಿನ ಎರಡು ಚಕ್ರ ಎಳೆತದ ಬಗ್ಗಿಗೆ ಈ ಬದಲಾವಣೆ ಮಾಡಿಸಿ ಎಂದು ನಾನು ಹೇಳಲಾರೆ. ಅಲ್ಲಿ ಮುಂದಿನ ಟೈರು ಕಿರಿದಾಗಿ, ಗೀರುಗಳಿಂದ ಕೂಡಿ ದಿಕ್ಕು ಹಿಡಿಯುತ್ತದೆ, ಹಿಂದಿನದು ಅಗಲವಾಗಿ ಮಣ್ಣು ಕಚ್ಚುತ್ತದೆ. ಅವು ಬೇರೆ ಬೇರೆ ಇರುವುದೇ ಸರಿ. ಮೈದಾನದಲ್ಲಿ ಹಾರಿಸಿ ಕುಣಿಸುವ ಟ್ರಕ್ಕಿಗಾದರೆ ಖಂಡಿತ ಮಾಡಿಸಿ. ಕಿಟ್‌ಗೆ ದುಡ್ಡು ಕೊಡುವ ಮುನ್ನ ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹೆಕ್ಸ್, ಆಫ್‌ಸೆಟ್, ಆಕ್ಸಲ್ ದಪ್ಪ ಈ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ.