ಕಿವಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)

ಹೋಟೆಲುಗಳಲ್ಲಿ ದುಡಿಯುವ ಬಂಧುಗಳೇ, ಗಿರಣಿಗಳಲ್ಲಿ ದುಡಿದು ಬಂದ ಹಿರಿಯರೇ,

ನಾವು ರಾತ್ರಿಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವರು. ವೈದ್ಯಶಾಸ್ತ್ರ ಹೇಳುವ ಅಧಿಕಾರ ನಮಗಿಲ್ಲ. ಆದರೆ ನಮ್ಮ ಅಜ್ಞಾನದಿಂದ ಒಬ್ಬರ ಒಂದು ರಾತ್ರಿ ಹಾಳಾದುದನ್ನು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಈ ಮಾತು.

ನಾವು ಸಪ್ಲಾಯರ್ ಆಗಿದ್ದ ಹೋಟೆಲಿನಲ್ಲಿ ಕುಂದಾಪುರದ ಕಡೆಯ ದೋಸೆ ಭಟ್ಟರೊಬ್ಬರಿದ್ದರು. ಒಂದು ಸಂಜೆ "ಎರಡು ಸಾದಾ, ಒಂದು ಮಸಾಲೆ" ಎಂದು ಕೂಗಿದೆವು. ಅವರು ನಮ್ಮ ಮುಖವನ್ನೇ ನೋಡಿದರು. ಮತ್ತೆ ಕೂಗಿದಾಗ ಸರಸರನೆ ಮಾತಾಡತೊಡಗಿದರು. ಧಾಟಿ ಕನ್ನಡದ್ದೇ, ತಡವರಿಕೆಯಿಲ್ಲ. ಒಂದು ಮಾತಿಗೂ ಅರ್ಥವಿಲ್ಲ. ಕೈಕಾಲು ಗಟ್ಟಿಯಾಗಿಯೇ ಇದ್ದವು. ಗಲ್ಲೆಯಿಂದ "ಕುಡಿದಿದ್ದಾರೆ, ಅಟ್ಟದ ಮೇಲೆ ಮಲಗಿಸಿರಿ" ಎಂದು ಅಪ್ಪಣೆಯಾಯಿತು. ಅವರು ಕುಡಿಯುವವರಲ್ಲವೆಂದು ಬಲ್ಲ ನಾವೇ ಮಲಗಿಸಿದೆವು. ಒಬ್ಬರು ಹುಚ್ಚೆಂದರು, ಇನ್ನೊಬ್ಬರು ಕಿವುಡೆಂದು ಕಿವಿಯ ಬಳಿ ಕಿರುಚಿದರು. ಬೆಳಿಗ್ಗೆ ಆಸ್ಪತ್ರೆಗೆ ಒಯ್ದಾಗ ಡಾಕ್ಟರರ ಮೊದಲ ಪ್ರಶ್ನೆ: "ಎಷ್ಟು ಗಂಟೆಗೆ ಶುರುವಾಯಿತು?" ನಾವು ತಲೆ ತಗ್ಗಿಸಿದೆವು.

ಅದು ಲಕ್ವ. ಲಕ್ವವೆಂದರೆ ಬಾಯಿ ಸೊಟ್ಟಗಾಗಿ ಒಂದು ಕಡೆಯ ಕೈಕಾಲು ಬೀಳುವುದೆಂದಷ್ಟೇ ನಾವು ತಿಳಿದಿದ್ದೆವು. ಚಾಳಿನಲ್ಲಿ ಒಂದು ಕೊಳವೆ ಕಟ್ಟಿದರೆ ಆ ಸಾಲಿನ ನಲ್ಲಿಗಳಷ್ಟೇ ಒಣಗುತ್ತವಲ್ಲವೆ? ಮೆದುಳಿನಲ್ಲಿಯೂ ರಕ್ತನಾಳ ಕಟ್ಟಿದರೆ, ಇಲ್ಲವೆ ಒಡೆದರೆ, ಅದರ ನೆತ್ತರನ್ನು ನಂಬಿದ ಭಾಗದ ಕೆಲಸ ನಿಲ್ಲುತ್ತದೆ.

ಮಾತಿನ ಕೆಲಸ ಬಹುತೇಕ ಜನರಲ್ಲಿ ಮೆದುಳಿನ ಎಡಭಾಗದ್ದು. 1861ರಲ್ಲಿ ಪ್ಯಾರಿಸಿನ ಬ್ರೋಕಾ ಎಂಬ ವೈದ್ಯರು, "ತಾನ್" ಎಂಬ ಸದ್ದನ್ನಷ್ಟೇ ಆಡುತ್ತಿದ್ದ ರೋಗಿಯೊಬ್ಬ ಸತ್ತ ಮೇಲೆ, ಅವನ ಮೆದುಳಿನ ಮುಂಭಾಗದಲ್ಲಿ ಕೆಟ್ಟ ಜಾಗವನ್ನು ತೋರಿಸಿದರು. ಅವನಿಗೆ ಹೇಳಿದ್ದು ತಿಳಿಯುತ್ತಿತ್ತು, ಆಡಲು ಬಾರದು. 1874ರಲ್ಲಿ ಜರ್ಮನಿಯ ವೆರ್ನಿಕೆ, ಆಗ 26ರ ತರುಣ, ಇದರ ತಿರುಗುಮುರುಗನ್ನು ವಿವರಿಸಿದರು. ಎಡಕಿವಿಯ ಮೇಲೆ, ತುಸು ಹಿಂದಕ್ಕೆ ಇರುವ ಭಾಗ ಕೆಟ್ಟರೆ ಸದ್ದು ಕೇಳುತ್ತದೆ, ಅರ್ಥವಾಗದು. ಬಾಯಿ ಆಡುತ್ತಲೇ ಇರುತ್ತದೆ. ತನ್ನ ಮಾತು ಕೆಟ್ಟಿದೆಯೆಂಬುದೇ ಅನೇಕರಿಗೆ ತಿಳಿಯದು. ಕೈಕಾಲು ಆಡಿಸುವ ಜಾಗ ಬೇರೆಯಾದ್ದರಿಂದ ಅದು ಉಳಿದುಕೊಳ್ಳಬಹುದು. ನಾವು ಮೋಸಹೋದದ್ದು ಇಲ್ಲಿಯೇ.

ನಾಳ ಕಟ್ಟಿದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧಿಯುಂಟು. ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ನಾಳ ಒಡೆದವರಿಗೆ ಅದೇ ಔಷಧಿ ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್. ಯಾರದೇ ಮಾತು ಏಕಾಏಕಿ ಕೆಟ್ಟರೆ ಗಡಿಯಾರ ನೋಡಿಕೊಳ್ಳಿರಿ, 108ಕ್ಕೆ ಫೋನು ಮಾಡಿರಿ. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್ ಮೊದಲಾದ ದೊಡ್ಡ ಆಸ್ಪತ್ರೆಗಳಿವೆ. ಊರಿನ ಬಸ್ಸು ಹತ್ತಿಸುವ ಯೋಚನೆ ಬೇಡ.

ಇನ್ನೊಂದು ಸಂಗತಿ. ಭಟ್ಟರು ಗಿರಾಕಿಗಳೊಡನೆ ಹಿಂದಿ, ತರಕಾರಿಯವರೊಡನೆ ಮರಾಠಿ, ನಮ್ಮೊಡನೆ ಕನ್ನಡ ಆಡುತ್ತಿದ್ದವರು. ಹಲವು ಭಾಷೆ ಬಲ್ಲವರಿಗೆ ಎಲ್ಲವೂ ಒಟ್ಟಿಗೆ ಮರಳಬೇಕೆಂದಿಲ್ಲ. ಯಾವುದು ಮೊದಲೆಂಬುದಕ್ಕೆ ಒಂದೇ ನಿಯಮವೂ ಇಲ್ಲ. ವಾರ್ಡಿನಲ್ಲಿ ಅವರನ್ನು ಹಿಂದಿಯಲ್ಲಷ್ಟೇ ಕೇಳುತ್ತಿದ್ದರು. ನಾವು ಸರದಿಯ ಮೇಲೆ ಹೋಗಿ ಕುಳಿತೆವು. ಮಾತು ಕಲಿಸುವ ಬಾಯಿಯವರು ನಮಗೂ ಕಲಿಸಿದರು: ಕಿರುಚಬಾರದು, ಎದುರಿಗೆ ಕೂತು ಒಂದು ಸಲಕ್ಕೆ ಒಂದೇ ಸಣ್ಣ ಮಾತು, ಕೈಯಲ್ಲಿ ವಸ್ತು ತೋರಿಸುವುದು. ಈ ವಿದ್ಯೆಗೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರಿಗೆ ಮರಳುವವರು ನೆನಪಿಡಿರಿ.

ದಿನವೂ ಲೋಟ ತೋರಿಸಿ "ಚಾ" ಎನ್ನುತ್ತಿದ್ದೆವು. ಇಪ್ಪತ್ತನೆಯ ದಿನ ಬರಿಗೈಯಲ್ಲಿ ನಿಂತು "ಚಾ ಬೇಕಾ ಭಟ್ರೇ?" ಎಂದೆವು. ಭಟ್ಟರು ಕತ್ತು ಚಾಚಿ, ನಮ್ಮ ಬೆನ್ನ ಹಿಂದೆ ಲೋಟವನ್ನು ಹುಡುಕಿದರು.